ಹಳೇ ಥಿಯೇಟರ್ ಉಳಿಸಬೇಕಾ? ಮೊದಲು ಚಾವಣಿ ನೋಡಿ, ಬಣ್ಣ ಆಮೇಲೆ

ಊರಿನ ಹಳೇ ಥಿಯೇಟರ್ ಉಳಿಸಬೇಕು ಅಂತ ನಾಲ್ಕು ಜನ ಸೇರಿದರೆ ಮೊದಲು ಬರುವ ಮಾತು ಬಣ್ಣದ್ದು. ಆಮೇಲೆ ಹೊಸ ನಾಮಫಲಕ. ಆಮೇಲೆ ಉದ್ಘಾಟನೆಗೆ ಯಾರನ್ನು ಕರೆಯೋಣ ಅನ್ನೋದು. ಮುಂದಿನ ಮಳೆಗಾಲಕ್ಕೆ ಆ ಬಣ್ಣ ಹೊಪ್ಪಳೆ ಎದ್ದು ಉದುರುತ್ತದೆ. ಚಾವಣಿ ಸೋರೋದನ್ನು ಯಾರೂ ನೋಡಿರುವುದಿಲ್ಲ.

ಹಳೇ ರಂಗಮಂದಿರ, ಹಳೇ ಟಾಕೀಸುಗಳನ್ನು ಕೊಲ್ಲುವುದು ವಯಸ್ಸಲ್ಲ. ಒಂದು ನೀರು, ಇನ್ನೊಂದು ಖಾಲಿ ಬಿಡುವುದು. ಈ ಲೇಖನದಲ್ಲಿ ಕೆಲಸಗಳನ್ನು ಅದೇ ಲೆಕ್ಕದಲ್ಲಿ ಜೋಡಿಸಿದ್ದೇನೆ. ಮೊದಲು ಹೋಗಿ ನೋಡುವುದು, ಆಮೇಲೆ ದಾಖಲಿಸುವುದು, ನೀರು ತಡೆಯುವುದು, ಕಾಗದಪತ್ರ ಹುಡುಕುವುದು, ಕೊನೆಗೆ ಜನ ಬರುವ ಹಾಗೆ ಮಾಡುವುದು. ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಮಣ್ಣು ಬೇರೆ, ಮಳೆ ಬೇರೆ ಆಗಿರುವುದರಿಂದ ಕೆಲವು ಮಾತು ಒಂದು ಊರಿಗೆ ಹೊಂದುತ್ತದೆ, ಇನ್ನೊಂದಕ್ಕೆ ಹೊಂದುವುದಿಲ್ಲ.

ಎಲ್ಲಿಂದ ಶುರು ಮಾಡೋದು

ವಿಜಯಪುರದಲ್ಲಿ ಕಂದಗಲ್ ಹನುಮಂತರಾಯ ರಂಗಮಂದಿರದಿಂದ ಶುರು ಮಾಡಿ. ಕಟ್ಟಡ ಅಷ್ಟೇನೂ ಹಳೆಯದಲ್ಲ, ಆದರೆ ಹೆಸರು ದೊಡ್ಡದು. ಕಂದಗಲ್ಲರ ಪೌರಾಣಿಕ ನಾಟಕಗಳನ್ನು ಹಳ್ಳಿಹಳ್ಳಿಯ ಹವ್ಯಾಸಿ ಕಲಾವಿದರು ಈಗಲೂ ಆಡುತ್ತಾರೆ. ಇಲ್ಲಿ ಏನಾದರೂ ಪ್ರಯೋಗ ಇದ್ದ ದಿನ ಹೋದರೆ, ನಡೆಯುತ್ತಿರುವ ರಂಗಮಂದಿರ ಹೇಗಿರುತ್ತದೆ ಅನ್ನೋದು ಕಣ್ಣಿಗೆ ಸಿಗುತ್ತದೆ. ಮುಚ್ಚಿದ ಕಟ್ಟಡವನ್ನು ಅಳೆಯಲು ಅದೇ ಅಳತೆಗೋಲು.

ಅದೇ ಊರಿನ ಅಮೀರ್ ಟಾಕೀಸ್ ಹೆಸರಿನ ಹಿಂದೆ ಅಮೀರ್‌ಬಾಯಿ ಕರ್ನಾಟಕಿ ಇದ್ದಾರೆ. ಬೀಳಗಿಯಲ್ಲಿ ಹುಟ್ಟಿ, ಮುಂಬೈಗೆ ಹೋಗಿ, 1940ರ ದಶಕದ ಹಿಂದಿ ಸಿನಿಮಾದಲ್ಲಿ ಹಾಡಿ ನಟಿಸಿ ಹೆಸರಾದವರು. ಅವರ ಅಕ್ಕ ಗೋಹರ್‌ಬಾಯಿ ಮರಾಠಿ ರಂಗಭೂಮಿಯ ಬಾಲಗಂಧರ್ವರ ಜೊತೆ ರಂಗದ ಮೇಲೆ ಪಾತ್ರ ಮಾಡಿದವರು. ಬೀಳಗಿಯಂಥ ಸಣ್ಣ ಊರಿನಿಂದ ಇಬ್ಬರು ಅಕ್ಕತಂಗಿಯರು. ನಮ್ಮ ಕಡೆ ನಾಟಕ ಮತ್ತು ಸಿನಿಮಾ ಎರಡಕ್ಕೂ ಬೇರು ಒಂದೇ ಅನ್ನೋದಕ್ಕೆ ಇನ್ನೇನು ಬೇಕು?

ಒಂದು ಮಧ್ಯಾಹ್ನ ಬಿಡುವಿದ್ದರೆ ತೊರವಿ ಹತ್ತಿರದ ಸಂಗೀತ ಮಹಲಿಗೂ ಹೋಗಿ ಬನ್ನಿ. ಎರಡನೇ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಶುರು ಮಾಡಿದ ನವರಸಪುರದ ಪಾಳು ಅದು. ಚಾವಣಿ ಹೋದ ಮೇಲೆ ಒಂದು ಕಟ್ಟಡದಲ್ಲಿ ಏನು ಉಳಿಯುತ್ತದೆ, ಏನು ಉಳಿಯುವುದಿಲ್ಲ ಅನ್ನೋದನ್ನು ಅಲ್ಲಿ ನಿಂತು ನೋಡಬಹುದು. ಕಲ್ಲಿನ ಕಮಾನು ಇದೆ, ಕಟ್ಟಿಗೆಯದ್ದು ಒಂದೂ ಇಲ್ಲ.

ಬೆಳಗಾವಿಯಲ್ಲಿ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವರ ಹೆಸರಿನ ರಂಗಮಂದಿರ ಇದೆ. ಅವರು ಹುಟ್ಟಿದ್ದು ಹತ್ತಿರದ ಸುಳೇಭಾವಿಯಲ್ಲಿ, 1924ರಲ್ಲಿ. ಟಾಕೀಸುಗಳ ಕತೆ ಬೇಕಾದರೆ ಕ್ಯಾಂಪ್ (ಕಂಟೋನ್ಮೆಂಟ್) ಕಡೆ ನಡೆಯಿರಿ, ಗ್ಲೋಬ್ ಟಾಕೀಸ್ ಬಗ್ಗೆ ಅಲ್ಲಿನ ಹಿರಿಯರನ್ನು ಕೇಳಿ. ಬೆಳಗಾವಿಯಲ್ಲಿ ಒಂದು ಮಾತು ನೆನಪಿಡಬೇಕು: ಇಲ್ಲಿನ ರಂಗಭೂಮಿಗೆ ಕನ್ನಡ, ಮರಾಠಿ ಎರಡೂ ಮನೆಮಾತೇ. ಮರಾಠಿ ಸಂಗೀತ ನಾಟಕಕ್ಕೆ 1880ರಲ್ಲಿ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಇದೇ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಕನ್ನಡ ವೃತ್ತಿರಂಗಭೂಮಿಯ ಏಣಗಿ ಬಾಳಪ್ಪನವರೂ ಇದೇ ಜಿಲ್ಲೆಯವರು, 1914ರಲ್ಲಿ ಹುಟ್ಟಿ 2017ರವರೆಗೆ ಬದುಕಿದ್ದರು. ಹಾಗಾಗಿ ಹಳೇ ಕರಪತ್ರ ಯಾವ ಭಾಷೆಯಲ್ಲಿ ಸಿಕ್ಕರೂ ಎತ್ತಿಟ್ಟುಕೊಳ್ಳಿ. ಭಾಷೆ ನೋಡಿ ಆರಿಸಿದರೆ ಅರ್ಧ ಇತಿಹಾಸ ಕೈಬಿಟ್ಟಂತೆ.

ಬಾಗಲಕೋಟೆಯ ಮಾತು ಬೇರೆ. ಆಲಮಟ್ಟಿಯ ಹಿನ್ನೀರಿಗೆ ಹಳೇ ಊರಿನ ಒಂದು ಪಾಲು ಹೋಯಿತು, ನವನಗರ ಎದ್ದಿತು. ಇಲ್ಲಿ ಕಟ್ಟಡ ಉಳಿಸುವುದಕ್ಕಿಂತ ಮೊದಲು ಉಳಿದಿದ್ದರ ಫೋಟೋ ತೆಗೆದು ಅಳತೆ ಹಿಡಿಯುವುದು ಜರೂರು. ಆದರೆ ಇದೇ ಜಿಲ್ಲೆಯಲ್ಲಿ ಇನ್ನೊಂದು ಜಾತಿಯ ಥಿಯೇಟರ್ ಪ್ರತಿ ವರ್ಷ ಹುಟ್ಟಿ ಸಾಯುತ್ತದೆ. ಬನದ ಹುಣ್ಣಿಮೆಗೆ, ಅಂದರೆ ಜನವರಿ ಆಸುಪಾಸು, ಬಾದಾಮಿ ಹತ್ತಿರದ ಬನಶಂಕರಿ ಜಾತ್ರೆಯಲ್ಲಿ ವೃತ್ತಿ ನಾಟಕ ಕಂಪನಿಗಳು ತಗಡಿನ ಥಿಯೇಟರ್ ಹಾಕಿ ವಾರಗಟ್ಟಲೆ ಕ್ಯಾಂಪ್ ಮಾಡುತ್ತವೆ. ಹಳೇ ರಂಗಮಂದಿರ ಉಳಿಸಲು ಹೊರಟವರು ಒಮ್ಮೆಯಾದರೂ ಆ ಜಾತ್ರೆಗೆ ಹೋಗಲೇಬೇಕು. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೋದ ದಿನ

ಟಿಕೆಟ್ ತಗೊಂಡು ಹೋಗಿ. ಥಿಯೇಟರ್ ನಡೆಯುತ್ತಿದ್ದರೆ ಅದಕ್ಕಿಂತ ಒಳ್ಳೆ ಪರಿಚಯ ಇಲ್ಲ. ಕ್ಯಾಮೆರಾ ಹಿಡಿದು, ಲೆಟರ್‌ಹೆಡ್ ಹಿಡಿದು ಒಮ್ಮೆಲೇ ಗೇಟಿಗೆ ಬಂದವರನ್ನು ಕಂಡರೆ ಮಾಲೀಕರಿಗೆ ಗಾಬರಿ. ಟ್ಯಾಕ್ಸಿನವರಾ, ಜಾಗ ಕೇಳೋರಾ, ಪೇಪರ್‌ನವರಾ ಅಂತ. ಎರಡು ಸಲ ಟಿಕೆಟ್ ಕೊಟ್ಟು ಸಿನಿಮಾ ನೋಡಿದವರ ಜೊತೆ ಮಾತು ತಾನಾಗಿಯೇ ಶುರುವಾಗುತ್ತದೆ.

ವಾರದ ನಡುವಿನ ಮ್ಯಾಟಿನಿ ಶೋ ಆರಿಸಿ. ಗದ್ದಲ ಕಡಿಮೆ, ಸಿಬ್ಬಂದಿಗೆ ಬಿಡುವು. ಆದರೆ ಜನ ತೀರಾ ಕಡಿಮೆಯಾದರೆ ಶೋ ರದ್ದು ಮಾಡುವುದುಂಟು, ಮೊದಲೇ ಕೇಳಿಕೊಳ್ಳಿ. ಶೋಗೆ ಅರ್ಧ ತಾಸು ಮುಂಚೆ ಹೋಗಿ, ದೀಪ ಹಾಕಿರುವಾಗಲೇ ಒಳಗೆ ಸುತ್ತಾಡಿ. ಬೆಂಚಿನ ಸಂದಿಯಲ್ಲಿ ತಗಣಿ ಇದ್ದರೆ ಅದೂ ಗೊತ್ತಾಗುತ್ತದೆ ಬಿಡಿ.

ಒಂದು ಎಚ್ಚರಿಕೆ. ಪರದೆ ಮೇಲೆ ಸಿನಿಮಾ ಓಡುವಾಗ ಮೊಬೈಲ್ ಎತ್ತಬೇಡಿ. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಥಿಯೇಟರಿನಲ್ಲಿ ಸಿನಿಮಾ ಚಿತ್ರೀಕರಿಸಿದರೆ 3 ತಿಂಗಳಿನಿಂದ 3 ವರ್ಷದವರೆಗೆ ಜೈಲು, ಕನಿಷ್ಠ 3 ಲಕ್ಷ ರೂಪಾಯಿ ದಂಡ. ನಿಮಗೆ ಬೇಕಾಗಿರುವುದು ಚಾವಣಿಯ ಫೋಟೋ ಅಂತ ಹೇಳಿದರೆ ಕೇಳೋರು ಯಾರು? ಶೋ ಮುಂಚೆ, ಇಂಟರ್ವಲ್‌ನಲ್ಲಿ, ಅನುಮತಿ ಕೇಳಿ ತೆಗೆಯಿರಿ.

ಏನು ನೋಡಬೇಕು? ಮೊದಲು ಮೇಲೆ ನೋಡಿ. ಚಾವಣಿಯಲ್ಲಿ ಕಂದು ಕಲೆ ಎಲ್ಲೆಲ್ಲಿದೆ, ಅದರ ಅಂಚು ಹಸಿ ಇದೆಯೋ ಒಣಗಿದೆಯೋ. ಆಮೇಲೆ ಗೋಡೆಯ ಬುಡ. ಬಿಳಿ ಸವಳು ಎದ್ದಿದ್ದರೆ ಒಳಗೆ ತೇವ ಓಡಾಡುತ್ತಿದೆ ಅಂತ ಅರ್ಥ. ಆಮೇಲೆ ನೆಲದ ಇಳಿಜಾರು: ಹಿಂದಿನಿಂದ ಮುಂದಕ್ಕೆ ಹೇಗೆ ಇಳಿಸಿದ್ದಾರೆ, ಹಿಂದಿನ ಸಾಲಿನವರಿಗೆ ಮುಂದಿನವರ ತಲೆ ಅಡ್ಡ ಬರುತ್ತದೆಯೇ. ಗಾಂಧಿ ಕ್ಲಾಸಿಗೆ, ಅಂದರೆ ಪರದೆ ಹತ್ತಿರದ ಅಗ್ಗದ ಸೀಟುಗಳಿಗೆ, ಬೇರೆ ಬಾಗಿಲು, ಬಾಲ್ಕನಿಗೆ ಬೇರೆ ಮೆಟ್ಟಿಲು ಇರುವ ಟಾಕೀಸುಗಳಿವೆ. ಯಾರನ್ನು ಯಾರ ಜೊತೆ ಕೂರಿಸುತ್ತಿರಲಿಲ್ಲ ಅನ್ನೋದನ್ನು ಆ ಬಾಗಿಲುಗಳೇ ಹೇಳುತ್ತವೆ. ಅದನ್ನೂ ಬರೆದುಕೊಳ್ಳಿ.

ದೀಪ ಆರುವ ಮುಂಚೆ ನಡುವಿನಲ್ಲಿ ನಿಂತು ಒಂದು ಚಪ್ಪಾಳೆ ಹೊಡೆಯಿರಿ. ವಿಜಯಪುರದವರಿಗೆ ಗೋಲಗುಂಬಜ್ ಇರುವುದರಿಂದ ಪ್ರತಿಧ್ವನಿ ಅಂದರೆ ಹೆಮ್ಮೆ. ಥಿಯೇಟರಿಗೆ ಅದೇ ಶತ್ರು. ಚಪ್ಪಾಳೆ ಹೊಡೆದ ಮೇಲೆ ಸದ್ದು ಎಳೆದುಕೊಂಡು ಹೋದರೆ ಮಾತು ಕಲಸಿಹೋಗುತ್ತದೆ, ಚಟ್ಟಂತ ನಿಂತರೆ ಮಾತು ಸ್ಪಷ್ಟ. ಮೈಕು ಇಲ್ಲದ ಕಾಲದಲ್ಲಿ ನಟರು ಕೊನೆಯ ಸಾಲಿಗೆ ಮುಟ್ಟುವಂತೆ ಹಾಡುತ್ತಿದ್ದರು. ಕಟ್ಟಿಗೆಯ ರಂಗ, ಅದರ ಕೆಳಗಿನ ಟೊಳ್ಳು, ಬಟ್ಟೆಯ ಪರದೆ, ಕಟ್ಟಿಗೆಯ ಕುರ್ಚಿ ಎಲ್ಲವೂ ಅದಕ್ಕೆ ಸಹಾಯ ಮಾಡುತ್ತಿದ್ದವು. ಸುಂದರ ಕಾಣಲಿ ಅಂತ ಗೋಡೆಗೆ ನುಣುಪು ಟೈಲ್ಸ್ ಅಂಟಿಸಿದರೆ ಅವತ್ತಿಗೇ ಆ ಥಿಯೇಟರಿನ ಕಿವಿ ಹೋಯಿತು.

ಪ್ರೊಜೆಕ್ಟರ್ ರೂಮು

ಇದು ನನಗೆ ಅತಿ ಇಷ್ಟದ ಜಾಗ, ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ.

ಹಳೇ ಕ್ಯಾಬಿನ್ನಿನ ಗೋಡೆಯಲ್ಲಿ ಸಣ್ಣ ಸಣ್ಣ ಕಿಂಡಿಗಳಿರುತ್ತವೆ. ಪ್ರತಿ ಮಷಿನ್ನಿಗೆ ಎರಡು: ಒಂದರಿಂದ ಬೆಳಕು ಹೋಗಬೇಕು, ಇನ್ನೊಂದರಿಂದ ಆಪರೇಟರ್ ಪರದೆ ನೋಡಬೇಕು. ಕೆಲವು ಕಡೆ ಆ ಕಿಂಡಿಗಳಿಗೆ ಕಬ್ಬಿಣದ ಮುಚ್ಚಳ ಇರುತ್ತದೆ. ಯಾಕೆ? 1950ರ ದಶಕದ ಶುರುವಿನವರೆಗೂ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮ್ ಬೆಂಕಿಗೆ ಬಾಯಿ ತೆರೆದು ಕೂತಿರುವ ವಸ್ತು. ಕ್ಯಾಬಿನ್ನಿಗೆ ಬೆಂಕಿ ಬಿದ್ದರೆ ಮುಚ್ಚಳ ಬಿದ್ದು ಸಭಾಂಗಣಕ್ಕೆ ಹೊಗೆ ಹೋಗಬಾರದು ಅನ್ನುವ ಏರ್ಪಾಡು.

ಮಷಿನ್ ಎರಡು ಯಾಕೆ? 35 ಎಂಎಂ ಫಿಲ್ಮ್ ಸೆಕೆಂಡಿಗೆ 24 ಚಿತ್ರದಂತೆ ಓಡಿದರೆ ನಿಮಿಷಕ್ಕೆ 90 ಅಡಿ ಖರ್ಚು. 1000 ಅಡಿಯ ರೀಲು 11 ನಿಮಿಷಕ್ಕೆ ಮುಗಿಯಿತು. ಎರಡೂವರೆ ತಾಸಿನ ಸಿನಿಮಾಕ್ಕೆ ಹತ್ತಿರ ಹತ್ತಿರ 14 ರೀಲು. ಒಂದು ಮಷಿನ್ ಮುಗಿಯುವಾಗ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚುತ್ತಿತ್ತು, ಅದನ್ನು ನೋಡಿ ಆಪರೇಟರ್ ಇನ್ನೊಂದು ಮಷಿನ್ ಹೊರಡಿಸುತ್ತಿದ್ದ. ಬೆಳಕಿಗೆ ಮೊದಲು ಕಾರ್ಬನ್ ಕಡ್ಡಿಗಳನ್ನು ಎದುರುಬದರು ಹಿಡಿದು ಉರಿಸುತ್ತಿದ್ದರು. ಕಡ್ಡಿ ಸವೆದಂತೆ ಸರಿಸುತ್ತಾ ಇರಬೇಕು, ಸುಮ್ನೆ ಕೂರುವ ಹಾಗಿಲ್ಲ. ಆ ಹೊಗೆ ಹೋಗಲು ಚಾವಣಿಗೆ ಒಂದು ಕೊಳವೆ. ಈಗಲೂ ಹಳೇ ಟಾಕೀಸಿನ ತಲೆಯ ಮೇಲೆ ಆ ಕೊಳವೆಯ ಮೊಂಡು ಕಾಣಿಸಿದರೆ ಒಳಗೆ ಏನಿತ್ತು ಅಂತ ಊಹಿಸಬಹುದು.

ಮುಟ್ಟಬಾರದ್ದು ಒಂದಿದೆ. ನಂತರ ಬಂದ ಜೆನಾನ್ ಲ್ಯಾಂಪಿನ ಗಾಜಿನೊಳಗೆ ಒತ್ತಡ ತುಂಬಿರುತ್ತದೆ, ತಣ್ಣಗಿದ್ದರೂ ಒಡೆದರೆ ಸಿಡಿಯುತ್ತದೆ. ಗೊತ್ತಿರುವ ಆಪರೇಟರ್ ಇಲ್ಲದೆ ಲ್ಯಾಂಪ್‌ಹೌಸ್ ತೆಗೆಯಬೇಡಿ.

ಹಳೇ ಆಪರೇಟರು, ಗೇಟ್‌ಕೀಪರು, ಬುಕಿಂಗ್ ಕಿಟಕಿಯಲ್ಲಿ ಕೂತವರು ಬದುಕಿದ್ದರೆ ಅವರ ಮಾತು ರೆಕಾರ್ಡ್ ಮಾಡಿ. ಕಟ್ಟಡ ಇನ್ನೂ ಹತ್ತು ವರ್ಷ ನಿಲ್ಲಬಹುದು, ಎಂಬತ್ತು ದಾಟಿದವರಿಗೆ ಕಾಯಲು ಆಗುವುದಿಲ್ಲ. “ನಿಮ್ಮ ಅನುಭವ ಹೇಳಿ” ಅಂದರೆ ಯಾರೂ ಏನೂ ಹೇಳುವುದಿಲ್ಲ. “ಕಾಕಾ, ರೀಲು ಯಾವ ಊರಿಂದ ಬರ್ತಿತ್ರಿ? ತರೋರು ಯಾರ್ರಿ?” ಅಂತ ಕೇಳಿ. ಒಂದೇ ಪ್ರಿಂಟನ್ನು ಎರಡು ಥಿಯೇಟರ್ ಹಂಚಿಕೊಂಡು, ಮುಗಿದ ರೀಲನ್ನು ಸೈಕಲ್ ಮೇಲೆ ಸಾಗಿಸುತ್ತಿದ್ದ ಕತೆ ಹೊರಗೆ ಬರುತ್ತದೆ. ಕರೆಂಟ್ ಹೋದಾಗ ಜನ ಏನು ಮಾಡುತ್ತಿದ್ದರು, ಇಂಟರ್ವಲ್‌ನಲ್ಲಿ ಗಿರಮಿಟ್ ಮಾರುತ್ತಿದ್ದವರು ಯಾರು, ಹೆಂಗಸರಿಗೆ ಬೇರೆ ಸಾಲು ಇತ್ತಾ. ಇಂಥ ಸಣ್ಣ ಪ್ರಶ್ನೆಗೇ ದೊಡ್ಡ ಉತ್ತರ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಫ್ಯಾನ್ ಬಂದ್ ಮಾಡಿ ರೆಕಾರ್ಡ್ ಮಾಡಿ. ಹೆಸರು ಹಾಕಬಹುದಾ ಅಂತ ಕೊನೆಗೆ ಕೇಳಿ.

ನೀರು

ಇನ್ನು ನಿಜವಾದ ಕೆಲಸ. ಇದನ್ನು ಮೇ ತಿಂಗಳಲ್ಲಿ ಮುಗಿಸಬೇಕು, ಜೂನ್‌ನಲ್ಲಿ ನೆನಪಾದರೆ ಪ್ರಯೋಜನವಿಲ್ಲ.

ಬೆಳಗಾವಿಯಲ್ಲಿ ಮಂಗಳೂರು ಹೆಂಚಿನ ಚಾವಣಿ ಜಾಸ್ತಿ. ಸರಿದ ಹೆಂಚು, ಒಡೆದ ಹೆಂಚು ಬದಲಿಸಿದರೆ ಅರ್ಧ ಸಮಸ್ಯೆ ಮುಗಿಯಿತು. ಹೆಂಚಿನ ಮೇಲೆ ನೇರ ಕಾಲಿಡಬೇಡಿ, ಹಲಗೆ ಹಾಸಿ ಅದರ ಮೇಲೆ ನಡೆಯಬೇಕು. ಎರಡು ಇಳಿಜಾರು ಕೂಡುವ ಕಡೆ ಇರುವ ತಗಡಿನ ದೋಣಿಯಲ್ಲಿ ಎಲೆ ತುಂಬಿ ನೀರು ಹಿಂದಕ್ಕೆ ಬರುತ್ತದೆ. ಬಹಳ ಸೋರಿಕೆ ಅಲ್ಲೇ ಹುಟ್ಟುವುದು. ತೊಲೆಯ ತುದಿ ಗೋಡೆಯೊಳಗೆ ಹೋಗುವ ಜಾಗವನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಹೋದರೆ ಕಟ್ಟಿಗೆ ಕೊಳೆತಿದೆ ಅಥವಾ ಗೆದ್ದಲು ತಿಂದಿದೆ. ಚಾವಣಿ ಹೊರುವ ಕಬ್ಬಿಣದ ಕೈಚಿ (ಟ್ರಸ್) ಆದರೆ ಅದರ ಪಾದದಲ್ಲಿ ತುಕ್ಕು ನೋಡಬೇಕು.

ವಿಜಯಪುರ, ಬಾಗಲಕೋಟೆಯಲ್ಲಿ ಮಳೆ ಕಡಿಮೆ, ಬೆಳಗಾವಿಯ ಅರ್ಧ ಅಂದುಕೊಳ್ಳಿ. ಆದರೆ ಬಿಸಿಲಿಗೆ ಸೀಳಿದ ಮಾಳಿಗೆಗೆ ಸೆಪ್ಟೆಂಬರಿನ ಒಂದು ರಾತ್ರಿಯ ಜೋರು ಮಳೆ ಸಾಕು. ಇಲ್ಲಿ ನೋಡಬೇಕಾದ್ದು ನೀರು ಇಳಿಯುವ ಪೈಪು. ಪೈಪು ಕಟ್ಟಿಕೊಂಡು ಮಾಳಿಗೆಯೇ ಕೆರೆಯಾದ ಕಟ್ಟಡಗಳಿವೆ.

ಮುಂಭಾಗದ ಪ್ಯಾರಾಪೆಟ್ಟಿನಲ್ಲಿ ಅರಳಿ ಗಿಡ ಹುಟ್ಟಿದ್ದರೆ ಅದು ಚಿಕ್ಕದಿರುವಾಗಲೇ ತೆಗೆಯಬೇಕು. ಅರಳಿ ಕಡಿಯಲು ಮನಸ್ಸು ಬರುವುದಿಲ್ಲ ಅನ್ನುವವರಿದ್ದಾರೆ, ಸರಿ. ಬೇರು ಸಮೇತ ಬಿಡಿಸಿ ಬೇರೆ ಕಡೆ ನೆಡಿ, ಪುಣ್ಯವೂ ಬಂತು ಗೋಡೆಯೂ ಉಳಿಯಿತು. ದೊಡ್ಡದಾದ ಮೇಲೆ ಜಗ್ಗಿ ಕೀಳಬಾರದು, ಗೋಡೆಯೇ ಕಿತ್ತು ಬರುತ್ತದೆ. ಮೇಲೆ ಕತ್ತರಿಸಿ, ಬೇರು ಸತ್ತ ಮೇಲೆ ಸಂದಿ ತುಂಬಬೇಕು.

ಸಿಮೆಂಟ್ ಶೀಟಿನ ಚಾವಣಿ ಇದ್ದರೆ ಹುಷಾರು. ಹಳೆಯವುಗಳಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಒಡೆದರೆ, ಕೊರೆದರೆ, ಒಣ ಪೊರಕೆಯಿಂದ ಗುಡಿಸಿದರೆ ಅದರ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಸ್ವಯಂಸೇವಕ ಹುಡುಗರನ್ನು ಈ ಕೆಲಸಕ್ಕೆ ಏರಿಸಲೇಬಾರದು. ಬಾವಲಿ ಹಿಕ್ಕೆ ತುಂಬಿದ ಅಟ್ಟಕ್ಕೂ ಅಷ್ಟೇ, ಮಾಸ್ಕ್ ಇಲ್ಲದೆ ಹೋಗಬೇಡಿ.

ಕೆಳಗಿನಿಂದ ಪಿಒಪಿ ಸೀಲಿಂಗ್ ಹೊಡೆಸಿ ಸೋರಿಕೆ ಮುಚ್ಚುವ ಯೋಚನೆ ಯಾರಾದರೂ ತಂದೇ ತರುತ್ತಾರೆ. ಒಪ್ಪಬೇಡಿ. ಅದು ನೀರನ್ನು ನಿಲ್ಲಿಸುವುದಿಲ್ಲ, ನಿಮ್ಮ ಕಣ್ಣಿಗೆ ಕಾಣದಂತೆ ಮಾಡುತ್ತದೆ ಅಷ್ಟೇ.

ಗೋಡೆ, ಬಿರುಕು

ಹಳೇ ಗೋಡೆಗೆ ಗಚ್ಚು ಬಳಸಿರುತ್ತಾರೆ, ಅಂದರೆ ಸುಣ್ಣದ ಗಾರೆ. ಸುಣ್ಣ ತೇವವನ್ನು ಹೀರಿ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಪ್ಲಾಸ್ಟರ್ ಹೊಡೆದರೆ ತೇವಕ್ಕೆ ದಾರಿ ಇಲ್ಲ. ಒಳಗೇ ಕೂತು ಕಲ್ಲು, ಇಟ್ಟಿಗೆಯನ್ನು ಪುಡಿ ಮಾಡುತ್ತದೆ, ಸವಳು ಮೇಲೆ ಏರುತ್ತದೆ. ಪ್ಲಾಸ್ಟಿಕ್ ಪೇಂಟ್ ಕತೆಯೂ ಅದೇ. ಶುರುವಿನಲ್ಲಿ ಬಣ್ಣದ ಬಗ್ಗೆ ಸಿಟ್ಟು ಮಾಡಿದ್ದು ಅದಕ್ಕೇ. ಬಳಿಯಲೇಬೇಕು ಅಂದರೆ ಸುಣ್ಣವನ್ನೇ ಬಳಿಯಿರಿ.

ಗಚ್ಚಿನ ಕೆಲಸ ಗೊತ್ತಿರುವ ಗೌಂಡಿ ಸಿಗುವುದು ಕಷ್ಟ, ಆದರೆ ಸಿಗುತ್ತಾರೆ. ಸ್ಮಾರಕಗಳ ದುರಸ್ತಿ ನಡೆಯುವ ಕಡೆ ಹೋಗಿ ಕೇಳಿ. ವಿಜಯಪುರ, ಬಾದಾಮಿಯಲ್ಲಿ ಅಂಥ ಕೆಲಸ ಬಲ್ಲವರಿದ್ದಾರೆ. ಸುಣ್ಣವನ್ನು ವಾರಗಟ್ಟಲೆ ನೀರಲ್ಲಿ ನೆನೆಹಾಕಬೇಕು, ಒಂದು ಪಾಲು ಸುಣ್ಣಕ್ಕೆ ಸುಮಾರು ಮೂರು ಪಾಲು ಮರಳು. ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಸೇರಿಸುವ ಪದ್ಧತಿಯೂ ಇದೆ. ಮೆತ್ತಿದ ಮೇಲೆ ಗೋಣಿತಟ್ಟು ಒದ್ದೆ ಮಾಡಿ ಹೊದಿಸಬೇಕು. ಏಪ್ರಿಲ್ ಬಿಸಿಲಲ್ಲಿ ಈ ಕೆಲಸ ಬೇಡ, ಒಮ್ಮೆಲೇ ಒಣಗಿ ಸೀಳುತ್ತದೆ. ಮಳೆಗಾಲ ಕಳೆದ ಮೇಲೆ ಮಾಡಿಸಿ.

ಎರೆ ಭೂಮಿಯ ಮೇಲೆ ನಿಂತ ಕಟ್ಟಡದಲ್ಲಿ ಬಿರುಕು ಕಂಡ ತಕ್ಷಣ ಗಾಬರಿಯಾಗಬೇಡಿ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಅದರ ಜೊತೆ ಬಿರುಕೂ ತೆರೆದು ಮುಚ್ಚುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲಿನಿಂದ ಗೆರೆ ಹಾಕಿ ತಾರೀಖು ಬರೆಯಿರಿ. ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿಯನ್ನು ಎರಡೂ ಬದಿ ಅಂಟಿಸಿ. ಗಾಜು ಒಡೆದರೆ ಗೋಡೆ ಅಲುಗಾಡುತ್ತಿದೆ. ಒಂದು ವರ್ಷ ನೋಡಿ. ಗೆರೆ ದಾಟಿ ಬೆಳೆಯುತ್ತಲೇ ಇದ್ದರೆ ಸ್ಟ್ರಕ್ಚರಲ್ ಎಂಜಿನಿಯರ್‌ರನ್ನು ಕರೆಯಿರಿ. ಬಾಲ್ಕನಿಯ ತೊಲೆಯಲ್ಲಿ ಬಿರುಕಿದ್ದರೆ ಮಾತ್ರ ಕಾಯಬೇಡಿ, ಅವತ್ತೇ ಬಾಲ್ಕನಿ ಬಂದ್ ಮಾಡಿಸಿ ಎಂಜಿನಿಯರ್‌ರನ್ನು ಕರೆಯಿರಿ.

ಕರೆಂಟು, ಬಾಗಿಲು

ಚುಟುಕಾಗಿ ಹೇಳುತ್ತೇನೆ, ಯಾಕೆಂದರೆ ಇದರಲ್ಲಿ ಚರ್ಚೆಗೆ ಜಾಗ ಇಲ್ಲ. ಹಳೇ ವೈರಿಂಗ್ ಪೂರ್ತಿ ತೆಗೆಸಿ. ಹೊರಗೆ ಹೋಗುವ ಬಾಗಿಲಿಗೆ ಶೋ ಹೊತ್ತಿನಲ್ಲಿ ಬೀಗ, ಸರಪಳಿ ಇರಕೂಡದು. 1997ರ ಜೂನ್ 13ರಂದು ದಿಲ್ಲಿಯ ಉಪಹಾರ್ ಟಾಕೀಸಿನಲ್ಲಿ ಟ್ರಾನ್ಸ್‌ಫಾರ್ಮರಿನಿಂದ ಹೊತ್ತಿದ ಬೆಂಕಿಗೆ 59 ಜನ ಸತ್ತರು, ಹೆಚ್ಚಿನವರು ಹೊರಬರಲಾಗದೆ ಹೊಗೆಗೆ. ಹಳೇ ಕಟ್ಟಡ ಅಂತ ಈ ವಿಷಯದಲ್ಲಿ ರಿಯಾಯಿತಿ ಕೇಳಬೇಡಿ.

ಪರದೆ, ಪೋಸ್ಟರ್, ಮಷಿನ್

ನಾಟಕದ ಥಿಯೇಟರಿನ ಅಟ್ಟದಲ್ಲಿ ಹಳೇ ಸೀನುಗಳು ಸಿಕ್ಕರೆ ಅದೃಷ್ಟ. ದರ್ಬಾರು, ಬೀದಿ, ಕಾಡು, ಗುಡಿಸಲು ಬರೆದ ಪರದೆಗಳು. ಆ ಬಣ್ಣ ಸಾಮಾನ್ಯವಾಗಿ ಪುಡಿಯನ್ನು ಸರೇಸಿನಲ್ಲಿ, ಅಂದರೆ ಅಂಟಿನಲ್ಲಿ, ಕಲಸಿ ಬಳಿದದ್ದು, ಒದ್ದೆ ಬಟ್ಟೆ ಮುಟ್ಟಿಸಿದರೆ ಕೈಗೇ ಬರುತ್ತದೆ. ತೊಳೆಯುವ ಮಾತೇ ಇಲ್ಲ. ಮಡಚಲೂ ಬಾರದು, ಮಡಿಕೆಯ ಗೆರೆಯಲ್ಲಿ ಬಣ್ಣ ಉದುರುತ್ತದೆ. ದಪ್ಪ ಪೈಪಿನ ಮೇಲೆ ಹಳೇ ಬಿಳಿ ಹತ್ತಿ ಬಟ್ಟೆ ಸುತ್ತಿ, ಚಿತ್ರದ ಬದಿ ಹೊರಗೆ ಬರುವಂತೆ ಸಡಿಲವಾಗಿ ಸುರುಳಿ ಸುತ್ತಿ ಇಡಿ. ನೆಲಕ್ಕೆ ತಾಗದ ಹಾಗೆ.

ಬನಶಂಕರಿ ಜಾತ್ರೆಗೆ ಯಾಕೆ ಹೋಗಬೇಕು ಅಂದೆ ಅಲ್ವಾ? ಪರದೆ ಏರಿಸಿ ಇಳಿಸುವ ಹಗ್ಗ, ರಾಟೆಯ ಕೆಲಸ, ರಂಗದ ಹಲಗೆ ಜೋಡಿಸುವ ಕೆಲಸ, ಸೀನು ಬರೆಯುವ ಕೈ, ಕಾಲುಪೆಟ್ಟಿಗೆ (ಕಾಲಿನಿಂದ ಗಾಳಿ ಒತ್ತುವ ಹಾರ್ಮೋನಿಯಂ) ನುಡಿಸುವವರು ಯಾರು ಎಲ್ಲಿದ್ದಾರೆ ಅನ್ನುವುದು ಆ ಕಂಪನಿಗಳಿಗೆ ಗೊತ್ತು. ನಿಮ್ಮ ಊರಿನ ಮುಚ್ಚಿದ ರಂಗಮಂದಿರದಲ್ಲಿ ತುಕ್ಕು ಹಿಡಿದ ರಾಟೆ ಹೇಗೆ ಕೆಲಸ ಮಾಡುತ್ತಿತ್ತು ಅಂತ ಆರ್ಕಿಟೆಕ್ಟ್‌ಗಿಂತ ಚೆನ್ನಾಗಿ ಹೇಳುವವರು ಅಲ್ಲಿ ಸಿಗುತ್ತಾರೆ. ನಾಟಕ ನೋಡಿ, ಮುಗಿದ ಮೇಲೆ ರಂಗದ ಹಿಂದೆ ಹೋಗಿ ಮಾತಾಡಿಸಿ.

ಸಿನಿಮಾ ಸಾಮಾನಿನಲ್ಲಿ ಪೋಸ್ಟರು, ಹಾಡಿನ ಪುಸ್ತಕ, ಟಿಕೆಟ್ ರೋಲು, ಲೆಕ್ಕದ ಪುಸ್ತಕ ಎಲ್ಲವೂ ಬೆಲೆಯುಳ್ಳವು. ಲ್ಯಾಮಿನೇಶನ್ ಮಾಡಿಸಬೇಡಿ, ಸೆಲೋಟೇಪ್ ಹಚ್ಚಬೇಡಿ. ಫಿಲ್ಮ್ ಡಬ್ಬಿ ತೆರೆದಾಗ ವಿನೆಗರ್ ಥರ ಹುಳಿ ವಾಸನೆ ಬಂದರೆ ಅಸಿಟೇಟ್ ಫಿಲ್ಮ್ ಕೆಡುತ್ತಿದೆ, ಅದನ್ನು ಉಳಿದವುಗಳಿಂದ ದೂರ ಇಡಿ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ 1964ರಿಂದ ಇಂಥ ವಸ್ತುಗಳನ್ನು ಜೋಪಾನ ಮಾಡುತ್ತಿದೆ. ಬೆಳಗಾವಿಯವರಿಗೆ ಪುಣೆ ಬೆಂಗಳೂರಿಗಿಂತ ಹತ್ತಿರ, ಬರೆದು ಕೇಳಿ. ಪ್ರೊಜೆಕ್ಟರ್ ಮಾತ್ರ ಥಿಯೇಟರಿನಲ್ಲೇ ಇರಲಿ. ಮಾಲೀಕರು ಗುಜರಿಗೆ ಕೊಡುವ ಮುಂಚೆ ಒಂದು ಮಾತು ಹೇಳಿಟ್ಟಿರಿ.

ಕಾಗದ ಹುಡುಕುವುದು

ಸಿಟಿ ಸರ್ವೆ ಆಫೀಸಿನಲ್ಲಿ ಸಿಟಿಎಸ್ ನಂಬರ್ (ಜಾಗದ ಸಿಟಿ ಸರ್ವೆ ನಂಬರ್) ಹೇಳಿ ಉತಾರ, ಅಂದರೆ ಮಾಲೀಕತ್ವದ ದಾಖಲೆಯ ಪ್ರತಿ, ತಗೊಳ್ಳಿ. ಯಾರ ಹೆಸರಲ್ಲಿದೆ, ಎಷ್ಟು ಜನ ವಾರಸುದಾರರು ಅನ್ನೋದು ಅಲ್ಲಿಗೆ ಗೊತ್ತಾಗುತ್ತದೆ. ಇದು ತಿಳಿಯದೆ ಒಂದು ರೂಪಾಯಿಯನ್ನೂ ಚಂದಾ ಎತ್ತಬೇಡಿ.

ಹಳೇ ಕಾಗದಕ್ಕೆ ಇತಿಹಾಸ ಸ್ವಲ್ಪ ಗೊತ್ತಿರಬೇಕು. 1956ರ ನವೆಂಬರ್ 1ರವರೆಗೆ ಬೆಳಗಾವಿ, ವಿಜಯಪುರ ಮುಂಬೈ ರಾಜ್ಯದಲ್ಲಿದ್ದವು. ಆ ಕಾಲದ ಕಾಗದ ಮರಾಠಿಯಲ್ಲಿ, ಕೆಲವು ಮರಾಠಿಯ ಹಳೇ ಕೂಡುಬರಹವಾದ ಮೋಡಿ ಲಿಪಿಯಲ್ಲಿ ಇರಬಹುದು, ಓದಬಲ್ಲವರನ್ನು ಮೊದಲೇ ಹುಡುಕಿ. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಹಾಗಾಗಿ ಅದಕ್ಕೂ ಹಿಂದಿನ ಕಡತಗಳನ್ನು ವಿಜಯಪುರದಲ್ಲೂ ಕೇಳಬೇಕು. ಜಮಖಂಡಿ, ಮುಧೋಳ ಸಂಸ್ಥಾನಗಳಾಗಿದ್ದವು, ಅಲ್ಲಿನ ದಾರಿ ಮತ್ತೂ ಬೇರೆ. ಮುಳುಗಡೆಗೆ ಹೋದ ಕಟ್ಟಡವಾದರೆ ನಿರಾಶರಾಗಬೇಡಿ. ಪರಿಹಾರ ಕೊಡಲು ಅಳತೆ ಹಿಡಿದು ಬೆಲೆ ಕಟ್ಟಿರುತ್ತಾರೆ, ಭೂಸ್ವಾಧೀನ ಕಡತದಲ್ಲಿ ನೋಡಿ.

ಸಿನಿಮಾ ಲೈಸೆನ್ಸ್ ಕಡತ ಡಿಸಿ ಆಫೀಸಿನದ್ದು. 1964ರ ಕರ್ನಾಟಕ ಸಿನಿಮಾ ನಿಯಂತ್ರಣ ಕಾಯ್ದೆಯ ಪ್ರಕಾರ ಲೈಸೆನ್ಸ್ ಕೊಡುವವರು ಅವರೇ. ಕಡತದಲ್ಲಿ ನಕ್ಷೆ, ಸೀಟುಗಳ ಸಂಖ್ಯೆ ಸಿಗುವ ಸಂಭವ ಜಾಸ್ತಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ: 10 ರೂಪಾಯಿ ಶುಲ್ಕ, ಒಂದೇ ವಿಷಯ, 150 ಪದದೊಳಗೆ, 30 ದಿನದಲ್ಲಿ ಉತ್ತರ ಬರಬೇಕು.

ವಿಜಯಪುರದವರಿಗೆ ಒಂದು ವಿಶೇಷ ತೊಡಕು. ಊರು ತುಂಬ ಸಂರಕ್ಷಿತ ಸ್ಮಾರಕಗಳು. ಅವುಗಳಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ. ದುರಸ್ತಿಗೂ ಅನುಮತಿ ಬೇಕು. ಇದನ್ನು ತೊಡಕು ಅಂತಲೇ ಎಲ್ಲರೂ ಬೈಯುತ್ತಾರೆ. ನನಗೆ ಕೆಲವೊಮ್ಮೆ ಇದು ವರವೂ ಅನಿಸುತ್ತದೆ: ಕೆಡವಿ ನಾಲ್ಕು ಅಂತಸ್ತು ಏರಿಸಲು ಆಗದ ಜಾಗದಲ್ಲಿ ಹಳೇ ಥಿಯೇಟರ್ ಸರಿಮಾಡುವುದೇ ಮಾಲೀಕರಿಗೂ ಲಾಭ. ಬೆಳಗಾವಿ ಕ್ಯಾಂಪಿನಲ್ಲಾದರೆ ಕಂಟೋನ್ಮೆಂಟ್ ಬೋರ್ಡಿನ ಬಾಗಿಲು ಬಡಿಯಬೇಕಾಗುತ್ತದೆ.

ಮಾಲೀಕರು, ದುಡ್ಡು, ಜನ

ಖಾಸಗಿ ಟಾಕೀಸಿನ ಮಾಲೀಕರನ್ನು ಖಳನಾಯಕ ಮಾಡಬೇಡಿ. ನಡುಪೇಟೆಯ ಜಾಗ, ವರ್ಷ ವರ್ಷ ತೆರಿಗೆ, ಖಾಲಿ ಸೀಟು. ಅವರ ಜಾಗದಲ್ಲಿ ಕೂತು ಲೆಕ್ಕ ಹಾಕಿದರೆ ಕೆಡವುವ ಯೋಚನೆ ಯಾರಿಗೂ ಬಂದೀತು. “ಉಳಿಸಿ” ಅಂತ ಭಾಷಣ ಮಾಡುವ ಬದಲು “ತಿಂಗಳಿಗೆ ಇಷ್ಟು ದಿನ ನಾವು ಬಾಡಿಗೆಗೆ ತಗೊಳ್ತೀವಿ” ಅನ್ನಿ. ಆ ಮಾತಿಗೆ ಕಿವಿ ಬೇಗ ತೆರೆಯುತ್ತದೆ. ರಸ್ತೆ ಬದಿಯ ಭಾಗದಲ್ಲಿ ಅಂಗಡಿ ಮಾಡಿ ಬಾಡಿಗೆ ಎತ್ತುತ್ತೇನೆ ಅಂದರೆ ಒಪ್ಪಿಬಿಡಿ, ಸಭಾಂಗಣ ಉಳಿದರೆ ಸಾಕು. ಮುಖ ಮಾತ್ರ ಉಳಿಸಿ ಒಳಗೆಲ್ಲಾ ಬೇರೆ ಕಟ್ಟುವುದಕ್ಕೆ ನನ್ನ ಓಟು ಇಲ್ಲ.

ಸರ್ಕಾರಿ ರಂಗಮಂದಿರವಾದರೆ ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಆಫೀಸಿಗೆ ಹೋಗಿ. ಸೋರಿಕೆಯ ಫೋಟೋ ತಾರೀಖು ಸಮೇತ ಹಚ್ಚಿ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಬಾಯಿಮಾತಿಗೆ ಕಡತ ತೆರೆಯುವುದಿಲ್ಲ.

ದುಡ್ಡು ಎತ್ತುವ ಹಂತಕ್ಕೆ ಬಂದರೆ ಸಂಘ ನೋಂದಾಯಿಸಿ. 1960ರ ಸಂಘಗಳ ನೋಂದಣಿ ಕಾಯ್ದೆಗೆ ಕನಿಷ್ಠ 7 ಜನ ಸದಸ್ಯರು ಬೇಕು. ಅದರಲ್ಲಿ ಒಬ್ಬರು ಲೆಕ್ಕ ಗೊತ್ತಿರುವವರು, ಒಬ್ಬರು ಕಟ್ಟಡ ಗೊತ್ತಿರುವವರು, ಒಬ್ಬರು ನಾಟಕ ಮಾಡುವವರು ಇರಲಿ. ಏಳೂ ಜನ ಭಾಷಣ ಮಾಡುವವರೇ ಆದರೆ ಕಷ್ಟ. ಕಂಪನಿಗಳು ಸಮಾಜದ ಕೆಲಸಕ್ಕೆ ಎತ್ತಿಡುವ ಸಿಎಸ್‌ಆರ್ ಹಣವನ್ನು ಐತಿಹಾಸಿಕ ಕಟ್ಟಡಗಳ ದುರಸ್ತಿಗೆ ಕೊಡಲು ಕಾನೂನಿನಲ್ಲಿ ಅವಕಾಶ ಇದೆ. ಅದಕ್ಕೆ ಸಂಘ ಸಿಎಸ್‌ಆರ್-1 ಅರ್ಜಿ ತುಂಬಿ ನೋಂದಾಯಿಸಿರಬೇಕು.

ಇನ್ನು ಜನ ಬರುವಂತೆ ಮಾಡುವುದು. ದೊಡ್ಡ ಉತ್ಸವ ಬೇಡ, ತಿಂಗಳಿಗೊಂದು ನಿಗದಿ ದಿನ ಇರಲಿ. ಎರಡನೇ ಶನಿವಾರ ಸಂಜೆ ಅಂದರೆ ಅದೇ, ಬದಲಾಗಬಾರದು. ಒಮ್ಮೆ ಶ್ರೀಕೃಷ್ಣ ಪಾರಿಜಾತ ಬಯಲಾಟ, ಒಮ್ಮೆ ಕಾಲೇಜು ಹುಡುಗರ ನಾಟಕ, ಒಮ್ಮೆ ಹಿಂದೂಸ್ತಾನಿ ಗಾಯನ. ಟಿಕೆಟ್ ಇಡಿ, 20 ರೂಪಾಯಿಯಾದರೂ ಸರಿ. ಪುಕ್ಕಟೆ ಬಂದವರು ಪುಕ್ಕಟೆಯಾಗಿಯೇ ಎದ್ದು ಹೋಗುತ್ತಾರೆ. ನಾಟಕಕಾರರು ತೀರಿಕೊಂಡು 60 ವರ್ಷ ದಾಟಿಲ್ಲದಿದ್ದರೆ ಅವರ ಮನೆಯವರ ಅನುಮತಿ ಪತ್ರ ತಗೊಳ್ಳಿ. ಸಿನಿಮಾ ತೋರಿಸುವುದಾದರೆ ಹಕ್ಕುದಾರರ ಒಪ್ಪಿಗೆ, ಥಿಯೇಟರಿನ ಲೈಸೆನ್ಸ್ ಎರಡೂ ಚಾಲ್ತಿಯಲ್ಲಿರಬೇಕು. ರಾತ್ರಿ 10ರ ಮೇಲೆ ಧ್ವನಿವರ್ಧಕಕ್ಕೆ ನಿಷೇಧ ಇದೆ, ಮುಚ್ಚಿದ ಸಭಾಂಗಣದ ಒಳಗಿನ ಬಳಕೆಗೆ ವಿನಾಯಿತಿ ಇದೆ. ಆದರೂ ಕೊನೆಯ ಬಸ್ಸು ತಪ್ಪದಂತೆ ಒಂಬತ್ತೂವರೆಗೆ ಮುಗಿಸಿ. ಹಳ್ಳಿಯಿಂದ ಬರುವವರು ಅದನ್ನು ನೋಡಿಯೇ ಮುಂದಿನ ಸಲ ಬರಬೇಕೋ ಬೇಡವೋ ಅಂತ ನಿರ್ಧರಿಸುತ್ತಾರೆ. ಹೆಂಗಸರ ಶೌಚಾಲಯಕ್ಕೆ ನೀರು, ಚಿಲಕ, ಲೈಟು ಮೂರೂ ಇದೆಯೇ ಅಂತ ಶೋಗೆ ಒಂದು ತಾಸು ಮುಂಚೆ ನೀವೇ ಹೋಗಿ ನೋಡಿ.